ನಾಲ್ಕು ಬೆರಳು ಮೇಲೆ

ಜನವರಿ 9

ಮಗಳೇ,

ಫೋನ್ ಮಾಡಬೇಡಿ, ಹೇಳುವುದಿದ್ದರೆ ಬರೆಯಿರಿ ಎಂದು ಬಸ್ ಹತ್ತಿದವಳು ನೀನು. ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದ ಕೈ ಇದು, ಪೆನ್ನಿನ ಮಾತು ಕೇಳುವುದಿಲ್ಲ. ಅಕ್ಷರ ಕೋಳಿ ಕೆದರಿದ ಹಾಗೆ ಕಂಡರೆ ನಗಬೇಡ. ನಕ್ಕರೂ ಪರವಾಗಿಲ್ಲ.

ಮೂರು ತಿಂಗಳು ಅಂಗಳದಲ್ಲಿ ಬಿದ್ದಿದ್ದ ಟ್ರೇಲರನ್ನು ಮನೆ ಕಟ್ಟುವ ಕಾರ್ಖಾನೆಯವರು ಮತ್ತೆ ರಸ್ತೆಗೆ ಬಿಟ್ಟರು. ಈ ವಾರ ಎರಡು ಮನೆ ಸಾಗಿಸಿದೆ, ಅಂದರೆ ನಾಲ್ಕು ಅರ್ಧ. ಅಡುಗೆಮನೆ ಇರುವ ಅರ್ಧ ಮೊದಲು, ಮಲಗುವ ಕೋಣೆಗಳ ಅರ್ಧ ಆಮೇಲೆ. ಎಲ್ಲ ಮೊದಲಿನ ಹಾಗೇ ಇದೆ. ತೆರೆದ ಬದಿಗೆ ಪ್ಲಾಸ್ಟಿಕ್ ಹಾಳೆ, ಡ್ರಾಯರುಗಳಿಗೆ ಅಂಟುಪಟ್ಟಿ, ಕನ್ನಡಿಗೆ ಕಾಗದ. ರಸ್ತೆ ಬದಿಯ ಜನ ಈಗಲೂ ನಿಂತು ನೋಡುತ್ತಾರೆ. ಚಲಿಸುವ ಮನೆಯ ಕಿಟಕಿಯಲ್ಲಿ ಯಾರಾದರೂ ಇಣುಕುತ್ತಾರೇನೋ ಎಂದು ಅವರಿಗೆ ಆಸೆ.

ನಿನ್ನ ಜಾಗಕ್ಕೆ, ಅಂದರೆ ಸೇತುವೆಗಳ ಎತ್ತರ ನೋಡುವ ಕೋಲು ಕಟ್ಟಿದ ಕಾರು ಓಡಿಸಿಕೊಂಡು ನನ್ನ ಮುಂದೆ ಹೋಗುವುದಕ್ಕೆ, ನಿವೃತ್ತ ಬಸ್ ಡ್ರೈವರ್ ಒಬ್ಬನನ್ನು ಹಾಕಿದ್ದಾರೆ. ನಾನು ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದೇನೆ. ಅಭ್ಯಾಸಬಲ, ಎಲ್ಲ ಬಸ್ ನಿಲ್ದಾಣದಲ್ಲೂ ವೇಗ ಇಳಿಸುತ್ತಾನೆ. ಹಿಂದಿನ ಚಕ್ರಗಳನ್ನು ತಿರುಗಿಸುವ ರಿಮೋಟ್ ಹಿಡಿದು ಅವುಗಳ ಜೊತೆ ನಡೆಯುವುದಕ್ಕೂ ಹೊಸಬ ಬಂದಿದ್ದಾನೆ. ಅವನ ಬಗ್ಗೆ ಬರೆಯುವಂಥದ್ದು ಏನಿಲ್ಲ. ಅಳಿಯನ ಕೈಗವಸು ಕ್ಯಾಬಿನ್ನಿನಲ್ಲೇ ಇದೆ. ತೆಗೆಯಲು ಕೈ ಬರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಪ್ಪ


ಜನವರಿ 30

ಅಪ್ಪ,

ನಿಮ್ಮ ಕಾಗದ ಬಂತು. ಅಕ್ಷರ ಓದಲು ಬರುತ್ತದೆ.

ಹೋಟೆಲುಗಳ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಸೇರಿದ್ದೇನೆ. ಚಾದರ ಮಡಿಸುವುದು ನನ್ನ ಪಾಲು. ಒಂದು ತುದಿ ನಾನು, ಇನ್ನೊಂದು ತುದಿ ಒಬ್ಬ ದಪ್ಪ ಹೆಂಗಸು. ಹತ್ತಿರ ಹೋಗುತ್ತೇವೆ, ಅಂಚು ಕೂಡಿಸುತ್ತೇವೆ, ದೂರ ಬರುತ್ತೇವೆ. ಮಾತು ಬೇಕಾಗುವುದಿಲ್ಲ. ದಿನಕ್ಕೆ ನಾನೂರು ಮಡಿಸುತ್ತೇವೆ. ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ ಇದೆ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ನನಗೆ ಅಷ್ಟೇ ಸಾಕು.

ಇಷ್ಟು ದಿನವಾದರೂ ಅಳು ಬಂದಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದರೆ ದವಡೆ ಹೇಗಿರುತ್ತದೋ ಹಾಗಿದ್ದೇನೆ.

ಒಂದು ವಿಷಯ ಕೇಳಬೇಕು. ಅವರು ತೀರಿಕೊಂಡ ದಿನ ನೀವು ನೆಲದಿಂದ ಮನೆಯ ಎತ್ತರ ಅಳೆದು ಕೂಗಿದಿರಿ, ಹದಿನೈದು ಅಡಿ ಎರಡು ಅಂಗುಲ. ನಾನು ಕೋಲನ್ನು ಯಾವತ್ತಿನಂತೆ ಅದಕ್ಕಿಂತ ನಾಲ್ಕು ಬೆರಳು ಮೇಲೆ ಏರಿಸಿದೆ. ಅಷ್ಟು ನೆನಪಿದೆ. ಆದರೆ ತಿರುಪು ಬಿಗಿ ಮಾಡಿದೆನೋ ಇಲ್ಲವೋ ನೆನಪಿಲ್ಲ. ಆ ಹೊತ್ತಿಗೆ ಅವರು ಬಂದು ಬುತ್ತಿ ಡಬ್ಬಿಯ ಮುಚ್ಚಳ ಎಲ್ಲಿ ಎಂದು ಜಗಳ ತೆಗೆದರು, ಇಬ್ಬರೂ ನಗುತ್ತಿದ್ದೆವು. ಕೋಲು ಜಾರಿ ಕೆಳಗೆ ಬಂದಿರಬೇಕು. ಅದಕ್ಕೇ ಸೇತುವೆಗೆ ತಾಗಲಿಲ್ಲ, ಅದಕ್ಕೇ ನಾನು ದಾರಿ ಸಲೀಸು ಎಂದೆ. ವಿಚಾರಣೆಗೆ ಬಂದ ಕಚೇರಿಯವರಿಗೂ ಹಾಗೇ ಬರೆದು ಸಹಿ ಹಾಕಿಕೊಟ್ಟೆ.

ನೀವು ಪ್ರತಿ ಬೆಳಿಗ್ಗೆ ಸ್ಪ್ಯಾನರಿನಿಂದ ಆ ತಿರುಪನ್ನು ಎರಡು ಸಲ ತಟ್ಟಿ ನೋಡುತ್ತಿದ್ದಿರಿ. ಆ ದಿನ ತಟ್ಟಿದ್ದಿರಾ?

ಮಗಳು


ಫೆಬ್ರವರಿ 21

ಮಗಳೇ,

ತಡವಾಯಿತು. ಟ್ರೇಲರಿನ ಎರಡು ಟೈರು ಒಟ್ಟಿಗೇ ಕೈಕೊಟ್ಟವು. ಅರ್ಧ ಮನೆ ಹೊತ್ತು ಹೆದ್ದಾರಿಯ ಅಂಚಿನಲ್ಲಿ ಒಂದೂವರೆ ದಿನ ನಿಂತಿದ್ದೆ. ನಿಧಾನಪ್ಪ ನಾವು ನಿಂತದ್ದು ತಿಳಿಯದೆ ನಾಲ್ಕು ಮೈಲಿ ಮುಂದೆ ಹೋಗಿ, "ಎಲ್ಲಿದೀರಾ, ಮನೆ ಕಾಣಿಸ್ತಾ ಇಲ್ವಲ್ಲ!" ಎಂದು ರೇಡಿಯೋದಲ್ಲಿ ಬೊಬ್ಬೆ ಹಾಕಿದ.

ಆ ಒಂದೂವರೆ ದಿನ ನೀನು ಚಿಕ್ಕವಳಿದ್ದಾಗಿನದು ನೆನಪಾಯಿತು. ನಿಮ್ಮಮ್ಮ ಹೋದ ಮೇಲೆ ನಿನ್ನನ್ನು ಬಿಡಲು ಬೇರೆ ಕಡೆ ಇರಲಿಲ್ಲ, ಕ್ಯಾಬಿನ್ನಿನಲ್ಲೇ ಬೆಳೆದೆ. ಗಾಡಿ ನಿಂತಾಗಲೆಲ್ಲ ಆ ಅರ್ಧ ಮನೆಗಳ ಅಡುಗೆಮನೆಗೆ ಹತ್ತಿ, ನೀರಿಲ್ಲದ ನಲ್ಲಿ ತಿರುಗಿಸಿ, ಬರಿಗೈಯಲ್ಲಿ ನನಗೆ ಟೀ ಕೊಡುತ್ತಿದ್ದೆ. "ಸಕ್ಕರೆ ಸಾಕಾ?" ಎಂದು ಬೇರೆ ಕೇಳುತ್ತಿದ್ದೆ. ಗಾಡಿ ಹೊರಟರೆ ಒಳಗೆ ಯಾರೂ ಇರಬಾರದು ಎಂಬ ನಿಯಮಕ್ಕೆ ನಿನ್ನದು ದಿನಾ ತಕರಾರು.

ನೀನು ಕೇಳಿದ್ದು. ಸರಿಯಾಗಿ ನೆನಪಾಗುತ್ತಿಲ್ಲಮ್ಮ. ಆ ದಿನದ್ದೆಲ್ಲ ಕಲಸಿಹೋಗಿದೆ. ಯಾರ ತಪ್ಪು ಎಂದು ಕೂತು ಯೋಚಿಸಬೇಡ. ಆಗಿದ್ದು ಆಗಿಹೋಯಿತು.

ಅಪ್ಪ


ಮಾರ್ಚ್ 2

(ಅಂಚೆಗೆ ಹಾಕಿಲ್ಲ)

ಮಗಳೇ,

ತಟ್ಟಿದ್ದೆ. ಎರಡು ಸಲ. ತಿರುಪು ಬಿಗಿಯಾಗಿತ್ತು. ನಿನ್ನ ಕೋಲು ಎಲ್ಲಿ ಇರಬೇಕೋ ಅಲ್ಲೇ ಇತ್ತು, ಸೇತುವೆಗೆ ತಾಗದೇ ಹೋದದ್ದು ಸರಿಯಾಗಿಯೇ ಇತ್ತು. ಕಲಸಿಹೋಗಿದೆ ಎಂದು ಬರೆದದ್ದು ಸುಳ್ಳು. ನನಗೆ ಆ ದಿನದ ಒಂದೊಂದು ನಿಮಿಷವೂ ನೆನಪಿದೆ.

ರೈಲ್ವೆ ಗೇಟಿನ ಉಬ್ಬು ದಾಟುವಾಗ ಹೊಟ್ಟೆ ತಾಗಬಾರದೆಂದು ಟ್ರೇಲರನ್ನು ಹತ್ತು ಅಂಗುಲ ಎತ್ತಿದ್ದೆ. ನೀನು ಆಗಲೇ ಸೇತುವೆಯ ಹತ್ತಿರ ಹೋಗಿ ಗಾಡಿಗಳನ್ನು ತಡೆಯುತ್ತಿದ್ದೆ, ನಿನಗೆ ಕಾಣುವಂತಿರಲಿಲ್ಲ. ಉಬ್ಬು ದಾಟಿದ ಮೇಲೆ ಅಳಿಯ ಬಂದು ಕ್ಯಾಬಿನ್ನಿನ ಬಾಗಿಲು ತಟ್ಟಿದ. "ಇಳಿಸಿ ಮಾವ, ಮುಂದೆ ಸೇತುವೆ ಇದೆ." ನಾನು, "ಅಲ್ಲೀವರೆಗೂ ಹೋಗೋಣ ತಡಿ, ಮಧ್ಯೆ ಕಾಲುವೆ ಹತ್ರ ಇನ್ನೊಂದು ಉಬ್ಬಿದೆ, ಎಷ್ಟು ಸಲ ಇಳಿಸೋದು ಏರಿಸೋದು" ಎಂದೆ. ಅವನು, "ಮರೀಬೇಡಿ ಮತ್ತೆ" ಎಂದು ನಕ್ಕು ಹಿಂದಕ್ಕೆ ಹೋದ.

ಕಾಲುವೆ ದಾಟಿದೆ. ಸೇತುವೆ ಕಂಡಿತು. ಇಳಿಸಬೇಕು ಎಂದು ಕೈ ಗುಂಡಿಯ ಕಡೆ ಹೋಗುವ ಹೊತ್ತಿಗೆ ರೇಡಿಯೋದಲ್ಲಿ ನಿನ್ನ ದನಿ ಬಂತು. "ದಾರಿ ಸಲೀಸು, ಬನ್ನಿ ಅಪ್ಪ." ಒಂಬತ್ತು ವರ್ಷದಿಂದ ಆ ಮಾತು ಕೇಳಿದ ಮೇಲೆ ನಾನು ಇನ್ನೇನನ್ನೂ ಯೋಚಿಸಿದವನಲ್ಲ. ಕೈ ಗೇರಿಗೆ ಹೋಯಿತು. ಹೊರಟೆ.

ಛಾವಣಿ ಕಿತ್ತು ಹಿಂದಕ್ಕೆ ಸರಿದು ಅವನ ಮೇಲೆ ಬಿದ್ದಾಗ, ಗಾಡಿಯನ್ನು ಸೇತುವೆಯಡಿಯಿಂದ ಬಿಡಿಸಬೇಕಿತ್ತಲ್ಲ, ಆಗ ಇಳಿಸಿದೆ. ಇಳಿಸಲು ಎರಡು ನಿಮಿಷ ಸಾಕಾಯಿತು. ಕಚೇರಿಯವರು ಬಂದಾಗ ಟ್ರೇಲರು ಇರಬೇಕಾದ ಎತ್ತರದಲ್ಲಿತ್ತು. ನೀನು ಗಾಬರಿಯಲ್ಲಿ ಕಾರು ಹಿಂದಕ್ಕೆ ತಂದು ಕೋಲನ್ನು ಮರದ ಕೊಂಬೆಗೆ ಹೊಡೆಸಿ ಬಗ್ಗಿಸಿದ್ದೆ. ಅವರು ಕೇಳುವ ಮೊದಲೇ ನೀನು, "ತಪ್ಪು ನಂದು, ತಿರುಪು ಬಿಗಿ ಮಾಡಿಲ್ಲ" ಎಂದೆ. ಎತ್ತರದ ಫಲಕ ಬರೆದ ಮೇಲೆ ಅಲ್ಲಿ ಎಷ್ಟು ಸಲ ಡಾಂಬರು ಬಿದ್ದಿದೆಯೋ, ಸೇತುವೆ ತಗ್ಗಾಗಿರಬೇಕು ಎಂದು ಅವರು ತಾವೇ ಹೇಳಿಕೊಂಡರು. ತಪ್ಪು ಒಪ್ಪಿಕೊಂಡವರು ಸಿಕ್ಕ ಮೇಲೆ ಅಳತೆಪಟ್ಟಿ ಬಿಚ್ಚುವ ಕಷ್ಟ ಯಾರಿಗೆ ಬೇಕು? ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಮೊದಲ ದಿನ ನಾಲಿಗೆ ಏಳಲಿಲ್ಲ. ಎರಡನೆಯ ದಿನ ನಾಳೆ ಹೇಳುತ್ತೇನೆ ಎಂದುಕೊಂಡೆ. ನೀನು ಬಸ್ ಹತ್ತುವಾಗಲೂ ನಾಳೆ ಎಂದುಕೊಂಡೆ. ಹೇಳಿದರೆ ನೀನು ನನ್ನ ಮುಖ ನೋಡುವುದಿಲ್ಲ. ನನಗೆ ಇರುವವಳು ನೀನೊಬ್ಬಳೇ.

ಈ ಕಾಗದ ಕೈಗವಸಿನ ಜೊತೆ ಇಡುತ್ತೇನೆ.

ಅಪ್ಪ


ಏಪ್ರಿಲ್ 11

ಅಪ್ಪ,

ಕಳೆದ ಭಾನುವಾರ ಅತ್ತೆಯ ಮನೆಗೆ ಹೋಗಿದ್ದೆ. ಅವರು ಹೋಗಿ ಆರು ತಿಂಗಳಾಯಿತಲ್ಲ. ಅವರ ಅಂಗಿಗಳು ನನ್ನ ಪೆಟ್ಟಿಗೆಯಲ್ಲಿದ್ದವು, ತಾಯಿಗೆ ಕೊಟ್ಟು ಬರೋಣ ಎನಿಸಿತು.

ಅತ್ತೆ ಬಾಗಿಲು ತೆಗೆಯಲಿಲ್ಲ. ಒಳಗೆ ಇದ್ದರು, ಕುರ್ಚಿ ಸರಿದ ಸದ್ದು ಕೇಳಿತು. "ನೀನೇ ಸಹಿ ಹಾಕಿ ಕೊಟ್ಟಿದೀಯಲ್ಲ, ಇನ್ನೇನು ಹೇಳೋಕೆ ಬಂದೆ?" ಎಂದು ಒಳಗಿಂದಲೇ ಕೇಳಿದರು. ಕೂಗಾಡಲಿಲ್ಲ. ಅಂಗಡಿಯಲ್ಲಿ ಇವತ್ತು ಸಾಮಾನಿಲ್ಲ ಎನ್ನುವ ಹಾಗೆ ಹೇಳಿದರು. ಅಂಗಿಗಳನ್ನು ಮೆಟ್ಟಿಲ ಮೇಲೆ ಇಟ್ಟೆ.

ಬಾಗಿಲ ಮೇಲೆ ಆ ಸೀಮೆಸುಣ್ಣದ ಬರಹ ಇನ್ನೂ ಇದೆ. ನೀವು ಮೊದಲ ಸಲ ಬೀಗರ ಮನೆ ನೋಡಲು ಬಂದಾಗ ಹಣೆ ಹೊಡೆಸಿಕೊಂಡಿರಲ್ಲ, ನಿಮ್ಮ ಅಳಿಯ ಕೂಡಲೇ ಅಳತೆಪಟ್ಟಿ ತಂದು ಅಳೆದು ಬರೆದದ್ದು. "ಎತ್ತರ 5 ಅಡಿ 7 ಅಂಗುಲ. ಮಾವನವರಿಗೆ ಎಚ್ಚರಿಕೆ." ಮನೆ ಸಾಗಿಸೋರಿಗೆ ಒಂದು ಬಾಗಿಲು ಸಾಗಲ್ವಾ ಎಂದು ಎಲ್ಲರೂ ನಕ್ಕಿದ್ದೆವು. ಅತ್ತೆಯೇ ಹೆಚ್ಚು ನಕ್ಕದ್ದು. ಆ ಅಕ್ಷರ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಬಸ್ಸಿಗೆ ಹೊತ್ತಾಯಿತು.

ಅತ್ತೆ ಹೇಳಿದ್ದರಲ್ಲಿ ತಪ್ಪಿಲ್ಲ. ತಿರುಪು ಬಿಗಿ ಮಾಡದವಳಿಗೆ ಬಾಗಿಲು ಯಾಕೆ ತೆಗೆಯಬೇಕು?

ಮಗಳು


ಮೇ 19

ಮಗಳೇ,

ನಿನ್ನ ಕಾಗದ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮಡಿಕೆಯಲ್ಲಿ ಹರಿಯುತ್ತಿದೆ. ಬೀಗಿತ್ತಿ ಹಾಗೆ ಅಂದದ್ದು ಓದಿ ಆ ದಿನ ಊಟ ಸೇರಲಿಲ್ಲ.

ಇಲ್ಲಿನ ಸುದ್ದಿ ಇಷ್ಟೇ. ಕೆರೆಯಾಚೆಯ ಬಡಾವಣೆಗೆ ಹನ್ನೆರಡು ಮನೆ ಹೋಗಬೇಕು. ಮೊನ್ನೆ ಮೊದಲನೆಯದನ್ನು ಒಯ್ದೆ. ಅದೇ ಮಾದರಿ, ಹದಿನೈದು ಅಡಿ ಎರಡು ಅಂಗುಲದ್ದು. ದಾರಿಯೂ ಅದೇ, ಬೇರೆ ದಾರಿ ಕೊಡಲಿಲ್ಲ. ಆ ಸೇತುವೆಯ ಕೆಳಗೆ ನಿಧಾನಪ್ಪ ಇಳಿದು ಕತ್ತು ಮೇಲೆ ಮಾಡಿ ನಿಂತ. "ಇನ್ನೂ ಒಂದು ಬೆಕ್ಕು ಮಲಗೋ ಅಷ್ಟು ಜಾಗ ಇದೆ, ಬನ್ನಿ ಬನ್ನಿ" ಎಂದ. ದಾಟಿದೆ. ಆಚೆ ಹೋಗಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಇಳಿಯಲಾಗಲಿಲ್ಲ.

ಇದನ್ನು ನಿನಗೆ ಬರೆಯಬಾರದು ಎಂದಿದ್ದೆ. ಬರೆದೆ.

ಅಪ್ಪ


ಮೇ 27

ಅಪ್ಪ,

ಅದೇ ಮನೆ, ಅದೇ ಸೇತುವೆ. ಹೇಗೆ ದಾಟಿತು?

ಮಗಳು


ಜೂನ್ 4

ಮಗಳೇ,

ಆಮೇಲೆ ಡಾಂಬರು ಕೆರೆದಿದ್ದಾರಂತೆ. ಅಪಘಾತವಾದ ಜಾಗ ಅಲ್ಲವೇ, ಸರಿ ಮಾಡಿರುತ್ತಾರೆ. ನಾನು ವಿಚಾರಿಸಿಲ್ಲ.

ಇಲ್ಲಿ ಬಿಸಿಲು ಜಾಸ್ತಿ. ಪ್ಲಾಸ್ಟಿಕ್ ಹಾಳೆ ಕಾದು ಮನೆಯೊಳಗಿನ ಹೊಸ ಬಣ್ಣದ ವಾಸನೆ ಕ್ಯಾಬಿನ್ನಿನವರೆಗೂ ಬರುತ್ತದೆ. ನಿನಗೆ ಆ ವಾಸನೆ ಇಷ್ಟವಿತ್ತು.

ಅಪ್ಪ


ಜೂನ್ 23

ಅಪ್ಪ,

ಒಂದು ದಿನ ರಜೆ ಹಾಕಿ ಅಲ್ಲಿಗೆ ಹೋಗಿ ಬಂದೆ. ಒಗೆಯುವ ಕಡೆ ಪರದೆ ಇಳಿಸಲು ಉದ್ದ ಕೋಲಿದೆ, ಎರಡನ್ನು ಕಟ್ಟಿಕೊಂಡು ಹೋದೆ. ಬಸ್ಸಿನಲ್ಲಿ ಕಂಡಕ್ಟರು, "ಮೀನು ಹಿಡಿಯೋಕಾ?" ಎಂದು ಕೇಳಿದ. ಹೌದು ಎಂದೆ.

ಸೇತುವೆಯ ಪಕ್ಕ ಪಂಕ್ಚರ್ ಹಾಕುವವನು ಒಬ್ಬ ಇದ್ದಾನೆ. ರಸ್ತೆ ಕೆರೆದದ್ದು ಅವನು ನೋಡಿಲ್ಲ. ಡಾಂಬರು ಹಾಕಿ ಮೂರು ವರ್ಷವಾಯಿತು, ಆಮೇಲೆ ಯಾರೂ ಮುಟ್ಟಿಲ್ಲ ಎಂದ. ಅವನೇ ಕೋಲು ಹಿಡಿದುಕೊಂಡ. ನಾನು ಗುರುತು ಹಾಕಿ, ಕೋಲನ್ನು ನೆಲದ ಮೇಲೆ ಮಲಗಿಸಿ ಅಳೆದೆ. ಮೂರು ಕಡೆ ಅಳೆದೆ. ಹದಿನೈದು ಅಡಿ ಏಳು ಅಂಗುಲ. ಫಲಕದಲ್ಲಿ ಬರೆದಿರುವುದೂ ಅಷ್ಟೇ.

ನನ್ನ ಕೋಲು ಜಾರಿತ್ತು ಎಂದೇ ಇಟ್ಟುಕೊಳ್ಳೋಣ. ಕೋಲು ಜಾರಿದರೆ ಸೇತುವೆ ತಗ್ಗುವುದಿಲ್ಲ. ಕೋಲೇ ಇಲ್ಲದಿದ್ದರೂ ಹದಿನೈದು ಅಡಿ ಎರಡು ಅಂಗುಲದ ಮನೆ ಅದರ ಕೆಳಗೆ ಹೋಗಬೇಕಿತ್ತು. ಐದು ಅಂಗುಲ ಉಳಿಯುತ್ತಿತ್ತು. ಇಷ್ಟು ಸಣ್ಣ ವಿಷಯ ನನಗೆ ಎಂಟು ತಿಂಗಳು ಹೊಳೆಯಲಿಲ್ಲ. ಹೊಳೆಯುವ ಹಾಗಿದ್ದರೆ ಒಳಗೆ ಯಾರಾದರೂ ಎಚ್ಚರವಾಗಿರಬೇಕಲ್ಲ.

ದಾರಿಯಲ್ಲಿ ಮನೆ ಬೆಳೆಯಿತಾ ಅಪ್ಪ?

ಅಲ್ಲಿಂದ ರೈಲ್ವೆ ಗೇಟಿನವರೆಗೂ ನಡೆದೆ. ಉಬ್ಬು ನೋಡಿದೆ. ನಾನು ಇನ್ನೇನೂ ಕೇಳುವುದಿಲ್ಲ. ನೀವು ಬರೆಯಿರಿ.

ಮಗಳು


ಜುಲೈ 1

ಮಗಳೇ,

ಇದರ ಜೊತೆ ಇರುವ ಕಾಗದ ಮಾರ್ಚ್ ಎರಡನೆಯ ತಾರೀಖಿನದು. ಅದನ್ನು ತಿದ್ದಿಲ್ಲ. ನಾಲ್ಕು ತಿಂಗಳು ಅಂಚೆಪೆಟ್ಟಿಗೆಯ ಮುಂದೆ ಎಷ್ಟು ಸಲ ಗಾಡಿ ನಿಲ್ಲಿಸಿದೆ ಎಂಬುದನ್ನು ಹೇಳಿ ನಿನ್ನ ಮನಸ್ಸು ಕರಗಿಸುವುದಿಲ್ಲ. ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ, ಹಾಕಲಿಲ್ಲ ಎಂಬುದೇ ನಿಜ.

ಸೇತುವೆ ದಾಟಿದ ಸುದ್ದಿ ಬೇಕೆಂದೇ ಬರೆದೆನೋ ಬಾಯಿ ತಪ್ಪಿ ಬರೆದೆನೋ ನನಗೇ ತಿಳಿಯದು. ಡಾಂಬರಿನ ಮಾತು ಮಾತ್ರ ಬೇಕೆಂದೇ ಬರೆದೆ.

ಅವನ ಕೈಗವಸೂ ಕಳುಹಿಸಿದ್ದೇನೆ. ನನ್ನ ಹತ್ತಿರ ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ.

ಅಪ್ಪ


ಆಗಸ್ಟ್ 8

ಮಗಳೇ,

ಉತ್ತರ ಬರೆಯಲೇಬೇಕೆಂದಿಲ್ಲ. ಕಾಗದ ತಲುಪಿತೇ ಎಂದಷ್ಟೇ.

ಗಾಡಿ ಬಿಟ್ಟಿದ್ದೇನೆ. ಕಾರ್ಖಾನೆಯ ಅಂಗಳದಲ್ಲಿ ಡ್ರಾಯರುಗಳಿಗೆ ಅಂಟುಪಟ್ಟಿ ಹಚ್ಚುವ ಕೆಲಸಕ್ಕೆ ಹಾಕಿದ್ದಾರೆ.

ಅಪ್ಪ


ಸೆಪ್ಟೆಂಬರ್ 12

ಅಪ್ಪ,

ತಲುಪಿತು. ಜುಲೈ ಐದಕ್ಕೇ ತಲುಪಿತು.

ಓದಿದ ದಿನ ಕೆಲಸಕ್ಕೆ ಹೋದೆ. ಮಧ್ಯಾಹ್ನ ಒಂದು ಚಾದರದ ಅಂಚು ಹಿಡಿದು ನಿಂತವಳು ಮುಂದಕ್ಕೆ ಹೋಗಲಿಲ್ಲವಂತೆ. ಆ ದಪ್ಪ ಹೆಂಗಸು ತನ್ನ ತುದಿ ಬಿಡದೆ ಹಾಗೇ ನಿಂತಿದ್ದಳು, ಎಷ್ಟು ಹೊತ್ತೋ. ಆಮೇಲೆ, "ಕೂತ್ಕೋ ತಾಯಿ, ಇವತ್ತು ನಾನೊಬ್ಬಳೇ ಮಡಿಸ್ತೀನಿ" ಎಂದಳು. ಒಬ್ಬಳೇ ಮಡಿಸಿದರೆ ಅಂಚು ಕೂಡುವುದಿಲ್ಲ. ಆದರೂ ಮಡಿಸಿದಳು. ಅಳು ಆಗಲೂ ಬರಲಿಲ್ಲ.

ಹತ್ತಿರ ಹತ್ತಿರ ಒಂಬತ್ತು ತಿಂಗಳು ನಾನು ಗಂಡನನ್ನು ಕೊಂದವಳಾಗಿ ಎದ್ದು ಹಲ್ಲುಜ್ಜಿದ್ದೇನೆ, ತಲೆ ಬಾಚಿದ್ದೇನೆ, ಬಸ್ ಹಿಡಿದಿದ್ದೇನೆ. ನೀವು ಅದನ್ನು ಓದುತ್ತ ಟೈರಿನ ಸುದ್ದಿ ಬರೆದಿರಿ, ಬಿಸಿಲಿನ ಸುದ್ದಿ ಬರೆದಿರಿ. ಮರೆತದ್ದಕ್ಕೆ ನನಗೆ ಸಿಟ್ಟಿಲ್ಲ. ನಾನೂ ಮರೆಯಬಹುದಿತ್ತು. ನನ್ನ ದನಿ ಕೇಳಿ ಯೋಚನೆ ಬಿಟ್ಟಿರಿ, ಅದೂ ನನಗೆ ಅರ್ಥವಾಗುತ್ತದೆ. ತಟ್ಟಿದ್ದಿರಾ ಎಂದು ಕೇಳಿದಾಗ ನೆನಪಿಲ್ಲ ಎಂದಿರಲ್ಲ, ಅದು ನನಗೆ ನುಂಗಲಾಗುತ್ತಿಲ್ಲ. ಕ್ಷಮಿಸಿದ್ದೇನೆ ಎಂದು ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಹುಡುಕಬೇಡಿ.

ನಿಮ್ಮ ಕಾಗದವನ್ನು ನಾನೇ ಅತ್ತೆಯ ಕೈಗೆ ಕೊಡಬಹುದು. ಕೊಡುವುದಿಲ್ಲ. ನೀವು ಬಂದು ಹೇಳಬೇಕು. ಅವರು "ಇಳಿಸಿ ಮಾವ" ಎಂದದ್ದನ್ನೂ ಹೇಳಬೇಕು. ಮಗ ತನ್ನ ಕೆಲಸ ಸರಿಯಾಗಿ ಮಾಡಿದ್ದ ಎಂದು ತಾಯಿಗೆ ತಿಳಿಯಲಿ. ಕಚೇರಿಯ ಕಾಗದ ಪತ್ರ ಏನಿದ್ದರೂ ಆಮೇಲೆ.

ಇದೇ ಇಪ್ಪತ್ತೆಂಟು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ. ನಾನು ಮುಂದೆ ಹೋಗಿ ಬಾಗಿಲು ತಟ್ಟುತ್ತೇನೆ. ನೀವು ಗೇಟಿನ ಹೊರಗೆ ನಿಂತಿರಿ. ತೆಗೆಯದಿದ್ದರೆ ಇಬ್ಬರೂ ಕಾಯೋಣ. ತೆಗೆದರೆ ಕೈ ಎತ್ತುತ್ತೇನೆ. ಬನ್ನಿ ಅಪ್ಪ ಎಂದು ಕೂಗಲು ನನ್ನಿಂದ ಆಗುವುದಿಲ್ಲ.

ಬಾಗಿಲು ಐದು ಅಡಿ ಏಳು ಅಂಗುಲ. ಮೇಲೆ ಬರೆದಿದೆ. ನಾನು ಕೈ ಎತ್ತಿದೆ ಎಂದು ನೇರ ಒಳಗೆ ಬರಬೇಡಿ. ನೀವೇ ನೋಡಿಕೊಂಡು ತಗ್ಗಿ ಬನ್ನಿ.

ಮಗಳು